ಲಂಡನ್‌ನಲ್ಲಿ ಕಥಕ್: ವಿನೈಲ್ ಹಾಸಿನ ಮೇಲೆ ಚಕ್ಕರ್ (ಗಿರಕಿ) ಆಗುತ್ತದೆಯೇ?

ಪ್ರಶ್ನೆ: ಲಂಡನ್‌ನ ಸಣ್ಣ ಥಿಯೇಟರ್‌ನಲ್ಲಿ ಒಂದು ಗಂಟೆಯ ಏಕವ್ಯಕ್ತಿ ಕಥಕ್. ಮರದ ನೆಲದ ಮೇಲೆ ಕಪ್ಪು ವಿನೈಲ್ ಹಾಸು ಅಂಟಿಸಿದೆ. ತಬಲಾ, ಹಾರ್ಮೋನಿಯಂ ಲೆಹರಾ (ತಾಳ ತೋರಿಸಲು ಮತ್ತೆ ಮತ್ತೆ ನುಡಿಸುವ ಸ್ವರಸಾಲು) ಲೈವ್. ಮೊದಲೇ ಏನೇನು ಕೇಳಿಕೊಳ್ಳಬೇಕು?

ತತ್ಕಾರ್ (ಲಯಬದ್ಧ ಪಾದಘಾತ): ಮೊದಲು ಹಾಸು ತೆಗೆಸಿ. ಚಕ್ಕರ್ ತಿರುಗುವುದು ಎಡ ಹಿಮ್ಮಡಿಯ ಮೇಲೆ. ಬೆವರಿದ ಬರಿಗಾಲು ವಿನೈಲಿಗೆ ಅಂಟಿ ಹಿಮ್ಮಡಿ ನಿಂತುಬಿಟ್ಟರೆ ಪೆಟ್ಟು ಬೀಳುವುದು ಮೊಣಕಾಲಿಗೆ. ತತ್ಕಾರದ ಸದ್ದೂ ಮಂಕಾಗುತ್ತದೆ. ತೆಗೆದ ಮೇಲೆ ಸಿಬಿರು, ಮೊಳೆ, ಟೇಪಿನ ಅಂಟು ಇದೆಯೇ ಎಂದು ಅಂಗೈ ಸವರಿ ನೋಡಿ. ಪೌಡರ್ ಮಾತ್ರ ಹಾಕಲೇಬೇಡಿ, ಕಾಲು ಜಾರುತ್ತದೆ. ಮರದಡಿ ನೇರ ಕಾಂಕ್ರೀಟ್ ಇದ್ದರೆ ಆ ವೇದಿಕೆ ಒಪ್ಪಿಕೊಳ್ಳದಿರುವುದೇ ಸರಿ.

ಸಮ್ (ತಾಳದ ಆವರ್ತದ ಮೊದಲ ಪೆಟ್ಟು): ಕಾಲಿಗೆ 100 ಗೆಜ್ಜೆ ಸಾಕು, ವೇದಿಕೆಯ ಅಂಚಿನಲ್ಲಿ ಎರಡು ಬೌಂಡರಿ ಮೈಕ್ (ನೆಲಕ್ಕಿಡುವ ಚಪ್ಪಟೆ ಮೈಕ್) ಇರಲಿ. ನಾಯ್ಸ್ ಗೇಟ್ (ಸಣ್ಣ ಸದ್ದನ್ನು ತಡೆಯುವ ವ್ಯವಸ್ಥೆ) ಆಫ್ ಮಾಡಿಸಿ. ಇಲ್ಲವಾದರೆ ಮೆಲ್ಲನೆಯ ಒಂದೇ ಗೆಜ್ಜೆಯ ನಾದವನ್ನು ಅದು ನುಂಗಿಬಿಡುತ್ತದೆ, ಕಥಕ್‌ನ ಅತ್ಯಂತ ಸೊಗಸಾದ ಘಳಿಗೆಯೇ ಹೋದಂತೆ. ನರ್ತಕಿಯ ಪಕ್ಕಕ್ಕೆ ತಬಲಾ, ಲೆಹರಾ ಕೇಳಿಸುವ ಮಾನಿಟರ್ ಸ್ಪೀಕರ್ ಬೇಕೇ ಬೇಕು. ಸಭಾಂಗಣದಿಂದ ತಡವಾಗಿ ಮರಳುವ ಸದ್ದನ್ನು ನಂಬಿದರೆ ತೀನ್‌ತಾಲದ 16 ಮಾತ್ರೆಯಲ್ಲಿ (ಎಣಿಕೆಯಲ್ಲಿ) ತಿಹಾಯಿ (ಮೂರು ಸಲ ಮರಳುವ ಮುಕ್ತಾಯದ ಸಾಲು) ಸಮ್ ದಾಟಿ ಬೀಳುತ್ತದೆ.

ದಾಯಾಂ (ಬಲಗೈಯ ತಬಲಾ): ಚಳಿಗಾಲವಾದರೆ ಹೀಟರಿನ ಒಣಗಾಳಿಗೆ ತಬಲಾದ ತೊಗಲು ಬಿಗಿದು ಶ್ರುತಿ ಏರುತ್ತದೆ. ಹಾರ್ಮೋನಿಯಂ ಶ್ರುತಿ ಬದಲಾಗದು. ಹಾಗಾಗಿ ತಬಲಾವನ್ನು ಒಂದು ಗಂಟೆ ಮೊದಲೇ ವೇದಿಕೆಯ ದೀಪದಡಿ ಇಟ್ಟು, ಆಮೇಲೆ ಶ್ರುತಿ ಮಾಡಿ. ಒಂದು ದಾಯಾಂ ಹೆಚ್ಚಿಗೆ ಇರಲಿ.