ಕಂಪನಿ ಲ್ಯಾಪ್‌ಟಾಪ್‌ಗಳ ಅಪ್‌ಡೇಟ್: ಡೆಫರಲ್ ಹಾಕಿದರೆ ಸಾಕೇ?

ಪ್ರಶ್ನೆ: ವಿಂಡೋಸ್ 11ರ 140 ಲ್ಯಾಪ್‌ಟಾಪ್, 30 ಆಂಡ್ರಾಯ್ಡ್ ಫೋನ್ ಇವೆ. ಎಲ್ಲವೂ ಕಂಪನಿಯವೇ, ಇಂಟ್ಯೂನ್‌ಗೆ (ಸಾಧನಗಳನ್ನು ದೂರದಿಂದ ನಿರ್ವಹಿಸುವ ಮೈಕ್ರೋಸಾಫ್ಟ್ ಸೇವೆ) ಸೇರಿಸಿದ್ದೇವೆ. ಕ್ವಾಲಿಟಿ ಅಪ್‌ಡೇಟ್‌ಗೆ (ಪ್ರತಿ ತಿಂಗಳ ದೋಷ ಸರಿಪಡಿಸುವ ಪ್ಯಾಚ್) 14 ದಿನ ಡೆಫರಲ್, ಅಂದರೆ ಮುಂದೂಡಿಕೆ ಇದೆ. ಆದರೂ 20 ಲ್ಯಾಪ್‌ಟಾಪ್ ಮೂರು ತಿಂಗಳ ಹಿಂದಿನ ಪ್ಯಾಚ್‌ನಲ್ಲೇ ನಿಂತಿವೆ. ಸಾಲದ್ದಕ್ಕೆ ಬಯಾಸ್ (ಯಂತ್ರ ಶುರುವಾಗುವಾಗ ಮೊದಲು ಓಡುವ ತಂತ್ರಾಂಶ) ಅಪ್‌ಡೇಟ್ ಆದಮೇಲೆ ನಾಲ್ಕೈದು ಮಂದಿಗೆ ಬಿಟ್‌ಲಾಕರ್ (ಡಿಸ್ಕ್‌ನ ಎನ್‌ಕ್ರಿಪ್ಷನ್) ರಿಕವರಿ ಕೀ ಕೇಳಿತು. ಎಲ್ಲಿ ತಪ್ಪಿದೆ ಹೇಳ್ತೀರಾ ಸರ್?

ಉತ್ತರ: ಡೆಫರಲ್ ಹೇಳುವುದು ಅಪ್‌ಡೇಟ್ ಯಾವಾಗಿನಿಂದ ಸಿಗಬೇಕು ಅನ್ನೋದನ್ನಷ್ಟೇ. ಯಾವಾಗ ಮುಗಿಯಬೇಕು ಎಂದು ಹೇಳುವುದು ಡೆಡ್‌ಲೈನ್. ನೀವು ಅದನ್ನು ಹಾಕಿಲ್ಲ ಅನ್ನಿಸುತ್ತದೆ. ರೀಸ್ಟಾರ್ಟ್ ಆಗದೆ ಪ್ಯಾಚ್ ಪೂರ್ತಿ ಕೂರುವುದಿಲ್ಲ. ಮುಚ್ಚಳ ಮುಚ್ಚಿ ಚೀಲಕ್ಕೆ ಹಾಕಿಕೊಂಡು ಹೋಗುವವರ ಯಂತ್ರ ವಾರಗಟ್ಟಲೆ ‘ರೀಸ್ಟಾರ್ಟ್ ಬಾಕಿ’ ಎಂದೇ ಇರುತ್ತದೆ.

ಮೂರು ರಿಂಗ್ (ಒಂದರ ನಂತರ ಒಂದು ಅಪ್‌ಡೇಟ್ ಪಡೆಯುವ ಗುಂಪು) ಮಾಡಿ. ಮೊದಲನೆಯದಕ್ಕೆ 10 ಯಂತ್ರ, ಡೆಫರಲ್ 0. ಇದರಲ್ಲಿ ಐಟಿಯವರಷ್ಟೇ ಇದ್ದರೆ ಪ್ರಯೋಜನವಿಲ್ಲ. ಪ್ರತಿ ವಿಭಾಗದಿಂದ ಒಂದೊಂದು ಇರಲಿ, ಹಳೇ ಪ್ರಿಂಟರ್ ಡ್ರೈವರ್ ಇರುವ ಅಕೌಂಟ್ಸ್ ಯಂತ್ರವಂತೂ ಬೇಕೇ ಬೇಕು. ಎರಡನೆಯದಕ್ಕೆ 30 ಯಂತ್ರ, 3 ದಿನ. ಉಳಿದವಕ್ಕೆ 7 ದಿನ. ಎಲ್ಲಕ್ಕೂ ಡೆಡ್‌ಲೈನ್ 3 ದಿನ, ಗ್ರೇಸ್ ಪೀರಿಯಡ್ (ಬಲವಂತದ ರೀಸ್ಟಾರ್ಟ್‌ಗೆ ಮುನ್ನ ಕೊಡುವ ಬಿಡುವು) 2 ದಿನ. ರಜೆ ಮುಗಿಸಿ ಬಂದವರ ಲ್ಯಾಪ್‌ಟಾಪ್ ತೆರೆದ ತಕ್ಷಣ ರೀಸ್ಟಾರ್ಟ್ ಆಗದಿರಲು ಈ ಗ್ರೇಸ್ ಬೇಕು. ತಿಂಗಳ ಎರಡನೇ ಮಂಗಳವಾರ ಬಂದ ಪ್ಯಾಚ್, ದಿನವೂ ಬಳಕೆಯಲ್ಲಿರುವ ಯಂತ್ರಗಳಿಗೆ ಹೀಗೆ ಎರಡು ವಾರದೊಳಗೆ ಬಂದು ಕೂರುತ್ತದೆ.

ಆ 20 ಯಂತ್ರಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2017ರಲ್ಲಿ ವಾನಾಕ್ರೈ ಎಂಬ ರಾನ್ಸಮ್‌ವೇರ್ (ಫೈಲ್ ಬೀಗ ಹಾಕಿ ಹಣ ಕೇಳುವ ತಂತ್ರಾಂಶ) ಬಳಸಿಕೊಂಡ ವಿಂಡೋಸ್ ದೋಷಕ್ಕೆ ಮಾರ್ಚ್ 14ಕ್ಕೇ ಪ್ಯಾಚ್ ಬಂದಿತ್ತು, ದಾಳಿ ಆದದ್ದು ಮೇ 12ಕ್ಕೆ. ನಡುವೆ 59 ದಿನ. ನಿಮ್ಮವು ಅದಕ್ಕಿಂತಲೂ ಹಿಂದಿವೆ.

ಬಿಟ್‌ಲಾಕರ್ ವಿಷಯ: ಬೂಟ್ ಆಗುವಾಗ ಬಯಾಸ್ ಮೊದಲಾದವುಗಳಿಂದ ದಾಖಲಾಗುವ ಗುರುತು ಬದಲಾದರೆ ಟಿಪಿಎಂ (ಕೀ ಕಾಪಾಡುವ ಚಿಪ್) ಕೀ ಬಿಟ್ಟುಕೊಡುವುದಿಲ್ಲ. ತಯಾರಕರ ಟೂಲ್‌ನಿಂದ ಬಯಾಸ್ ಹಾಕುವಾಗ ಆ ಟೂಲ್ ಬಿಟ್‌ಲಾಕರ್ ಅನ್ನು ಸಸ್ಪೆಂಡ್ (ತಾತ್ಕಾಲಿಕವಾಗಿ ತಡೆ) ಮಾಡದಿದ್ದರೆ ಹೀಗಾಗಬಹುದು. ಮೊದಲೇ ಪವರ್‌ಶೆಲ್‌ನಲ್ಲಿ ಸಸ್ಪೆಂಡ್-ಬಿಟ್‌ಲಾಕರ್ ಕಮಾಂಡ್ ಕೊಟ್ಟು ರೀಬೂಟ್‌ಕೌಂಟ್ (ಎಷ್ಟು ರೀಸ್ಟಾರ್ಟ್‌ವರೆಗೆ ತಡೆ ಇರಬೇಕು ಎಂಬ ಸಂಖ್ಯೆ) 1 ಇಡಿ. ಎರಡು ಬಾರಿ ರೀಸ್ಟಾರ್ಟ್ ಆಗುವ ಬಯಾಸ್ ಆದರೆ 2. 0 ಮಾತ್ರ ಇಡಬೇಡಿ, ನೀವೇ ಮತ್ತೆ ಆನ್ ಮಾಡುವವರೆಗೂ ರಕ್ಷಣೆ ಇರುವುದಿಲ್ಲ. 48 ಅಂಕಿಯ ರಿಕವರಿ ಕೀ ಎಂಟ್ರಾದಲ್ಲಿ (ಕಂಪನಿಯ ಖಾತೆ, ಸಾಧನಗಳ ಮೈಕ್ರೋಸಾಫ್ಟ್ ದಾಖಲೆ) ಇದೆಯೇ ಎಂದು ನೋಡಿಕೊಂಡೇ ಕೈಹಾಕಿ.

ಮರುಪ್ರಶ್ನೆ: ಡೆಡ್‌ಲೈನ್ ಹಾಕಿದೆವು, 14 ಸರಿಹೋದವು. ಉಳಿದ 6ಕ್ಕೆ ಅಪ್‌ಡೇಟೇ ಕಾಣುತ್ತಿಲ್ಲ. ಇವು ಹಿಂದೆ ಡೊಮೈನ್‌ನಲ್ಲಿದ್ದವು (ಕಚೇರಿಯ ಸರ್ವರ್ ನಿಯಂತ್ರಿಸುವ ಜಾಲ), ಈಗಿಲ್ಲ.

ಉತ್ತರ: ಹಾಗಾದರೆ ಹಳೇ ಡಬ್ಲ್ಯೂಎಸ್‌ಯುಎಸ್ (ಕಚೇರಿಯೊಳಗಿಂದ ಅಪ್‌ಡೇಟ್ ಹಂಚುವ ಸರ್ವರ್) ಸೆಟ್ಟಿಂಗ್ ಉಳಿದಿರಬೇಕು. ವಿಂಡೋಸ್ ಅಪ್‌ಡೇಟ್‌ನ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೆ ‘ಕಾನ್ಫಿಗರ್ಡ್ ಅಪ್‌ಡೇಟ್ ಪಾಲಿಸೀಸ್’ ತೆರೆಯಿರಿ. ಅಲ್ಲಿ ಮೂಲ ಗ್ರೂಪ್ ಪಾಲಿಸಿ (ಡೊಮೈನ್‌ನಿಂದ ಬರುವ ನಿಯಮ) ಎಂದಿದ್ದರೆ, ಈಗ ಇಲ್ಲದ ಸರ್ವರ್‌ನ ಬಾಗಿಲನ್ನೇ ಯಂತ್ರ ಇನ್ನೂ ತಟ್ಟುತ್ತಿದೆ ಎಂದರ್ಥ. ರಿಜಿಸ್ಟ್ರಿಯ ಪಾಲಿಸೀಸ್ ಕೆಳಗಿನ ವಿಂಡೋಸ್‌ಅಪ್‌ಡೇಟ್ ಕೀಯನ್ನು ಬ್ಯಾಕಪ್ ತೆಗೆದು ಅಳಿಸಿ, ವಿಂಡೋಸ್ ಅಪ್‌ಡೇಟ್ ಸರ್ವಿಸ್ ರೀಸ್ಟಾರ್ಟ್ ಮಾಡಿ, ಇಂಟ್ಯೂನ್ ಸಿಂಕ್ ಕೊಡಿ. ಡೊಮೈನ್‌ನಲ್ಲೇ ಇರುವ ಯಂತ್ರದಲ್ಲಿ ಹೀಗೆ ಅಳಿಸಿದರೆ ಗ್ರೂಪ್ ಪಾಲಿಸಿ ಮತ್ತೆ ಬರೆಯುತ್ತದೆ. ಅಲ್ಲಿ ಪಾಲಿಸಿಯನ್ನೇ ತೆಗೆಯಬೇಕು.

ಇನ್ನೊಬ್ಬರ ಉತ್ತರ: ಫೋನ್‌ಗಳ ಬಗ್ಗೆ ಒಂದು ಮಾತು. ಫುಲ್ಲಿ ಮ್ಯಾನೇಜ್ಡ್ (ಪೂರ್ತಿ ಕಂಪನಿ ನಿಯಂತ್ರಣದ) ಆಂಡ್ರಾಯ್ಡ್‌ನಲ್ಲಿ ಸಿಸ್ಟಂ ಅಪ್‌ಡೇಟ್‌ಗೆ ‘ವಿಂಡೋ’ (ನಿಗದಿತ ಹೊತ್ತು) ಆರಿಸಿ ರಾತ್ರಿ 1ರಿಂದ 5 ಇಡಿ. ಫೋನ್ ಚಾರ್ಜಿಂಗ್‌ಗೆ ಹಾಕಿ ಮಲಗಲು ಎಲ್ಲರಿಗೂ ಹೇಳಿ, ಬ್ಯಾಟರಿ ಸಾಲದಿದ್ದರೆ ಅಪ್‌ಡೇಟ್ ಮುಂದೆ ಹೋಗುವುದಿಲ್ಲ. ವರ್ಷಾಂತ್ಯದ ಲೆಕ್ಕದ ಹೊತ್ತಿಗೆ ಫ್ರೀಜ್ (ಅಪ್‌ಡೇಟ್ ಪೂರ್ತಿ ನಿಲ್ಲಿಸುವ ಅವಧಿ) ಇಡುವುದಾದರೆ ಗರಿಷ್ಠ 90 ದಿನ, ಎರಡು ಫ್ರೀಜ್‌ಗಳ ನಡುವೆ ಕನಿಷ್ಠ 60 ದಿನ ಅಂತರ ಬೇಕು. ಫ್ರೀಜ್‌ನಲ್ಲಿ ಸೆಕ್ಯುರಿಟಿ ಪ್ಯಾಚ್ ಕೂಡ ನಿಲ್ಲುತ್ತದೆ, ಹಾಗಾಗಿ ಎರಡು ವಾರಕ್ಕಿಂತ ಹೆಚ್ಚು ಇಡಲು ನಾನಂತೂ ಒಪ್ಪುವುದಿಲ್ಲ.