ತಮ್ಮನಿಗೆ ಐದು ದಿನದಿಂದ ಜ್ವರ, ವಿಡಾಲ್ ಪಾಸಿಟಿವ್ ಅಂತಾರೆ, ಮೀನಖಂಡ ಮುಟ್ಟಿದ್ರೆ ಕೂಗ್ತಾನೆ. ನಿಜಕ್ಕೂ ಟೈಫಾಯ್ಡಾ?

ಕುರ್ಲಾ_ಅಕ್ಕ

ಎಲ್ಲರಿಗೂ ನಮಸ್ಕಾರ. ನಾವು ಹಾಸನದ ಕಡೆಯವರು, ಮುಂಬೈನ ಕುರ್ಲಾಕ್ಕೆ ಬಂದು ಎಂಟು ವರ್ಷ ಆಯ್ತು. ನನ್ನ ತಮ್ಮ, 26 ವರ್ಷ, ನಮ್ಮ ಜೊತೇಲೇ ಇದ್ದು ಡೆಲಿವರಿ ಕೆಲಸ ಮಾಡ್ತಾನೆ. ಹನ್ನೆರಡು ದಿನದ ಹಿಂದೆ ಆ ಜೋರು ಮಳೆ ಬಂತಲ್ಲ, ಅವತ್ತು ಲೋಕಲ್ ಟ್ರೈನ್ ನಿಂತೋಯ್ತು ಅಂತ ಸಯಾನ್‌ನಿಂದ ಮನೆ ತನಕ ಮೊಣಕಾಲುದ್ದ ನೀರಲ್ಲಿ ನಡ್ಕೊಂಡೇ ಬಂದ. ಬಂದು ಸ್ನಾನ ಮಾಡಿ ಮಲಗ್ದ, ಒಂದು ವಾರ ಆರಾಮಾಗೇ ಇದ್ದ. ಆಮೇಲೆ ಒಂದಿನ ಸಾಯಂಕಾಲ ಇದ್ದಕ್ಕಿದ್ದಂಗೆ ನಡುಕ, 103 ಜ್ವರ.

ಮಾರನೇ ದಿನ ನಮ್ಮ ಗಲ್ಲಿ ಡಾಕ್ಟರ್ ಹತ್ರ ಹೋದ್ವಿ, ರಕ್ತ ಬರೆದ್ರು. ಮಲೇರಿಯಾ ನೆಗೆಟಿವ್, ಡೆಂಗ್ಯೂ ಎನ್‌ಎಸ್‌1 ನೆಗೆಟಿವ್, ವಿಡಾಲ್ ಅನ್ನೋ ಟೈಫಾಯ್ಡ್ ಟೆಸ್ಟ್ ಮಾತ್ರ ಪಾಸಿಟಿವ್, ಓ 1:80, ಎಚ್ 1:160 ಅಂತ ಬರ್ದಿದೆ. ಟೈಫಾಯ್ಡ್ ಅಂದು ಸೆಫಿಕ್ಸೀಮ್ ಮಾತ್ರೆ ಕೊಟ್ರು, ಎರಡು ದಿನ ಸಲೈನ್ ಹಚ್ಚಿದ್ರು. ಇವತ್ತಿಗೆ ಐದನೇ ದಿನ, ಜ್ವರ ಇಳೀತಿಲ್ಲ. ನಿನ್ನೆ ಮತ್ತೆ ರಕ್ತಕಣ ಎಣಿಸೋ ಸಿಬಿಸಿ ಟೆಸ್ಟ್ ಮಾಡ್ಸಿದ್ವಿ, ಬಿಳಿ ರಕ್ತಕಣ 14,200, ಪ್ಲೇಟ್‌ಲೆಟ್ 98 ಸಾವಿರ. ಕಣ್ಣು ಕೆಂಪಗಾಗಿದೆ ಆದ್ರೆ ಪಿಚ್ಚು ಇಲ್ಲ. ಎಲ್ಲಕ್ಕಿಂತ ಕಾಲು ನೋವು, ಮೀನಖಂಡ ಮುಟ್ಟಕ್ಕೇ ಬಿಡಲ್ಲ, ಟಾಯ್ಲೆಟ್‌ಗೆ ಚಾಳಿನ ಮೆಟ್ಲು ಇಳಿಯೋಕೆ ಗೋಡೆ ಹಿಡ್ಕೊಂಡು ಐದು ನಿಮಿಷ ತಗೋತಾನೆ.

ಪ್ಲೇಟ್‌ಲೆಟ್ ಕಮ್ಮಿ ಅಂದ್ರೆ ಡೆಂಗ್ಯೂನೇ, ರಿಪೋರ್ಟ್ ತಪ್ಪಿರುತ್ತೆ ಅಂತ ಪಕ್ಕದ್ಮನೆಯವ್ರು ಹೇಳ್ತಿದಾರೆ. ನಮ್ದು ಒಂದೇ ಖೋಲಿ, ಮಕ್ಳು ಇಬ್ರು, ಅವರಿಗೂ ಹರಡುತ್ತಾ? ಅವನ ತಟ್ಟೆ ಲೋಟ ಬೇರೆ ಇಟ್ಟಿದೀನಿ. ಗೊತ್ತಿದ್ದೋರು ಹೇಳಿ ಪ್ಲೀಸ್.

ಚೆಂಬೂರ್_ಚಿಕ್ಕಪ್ಪ

ಪಪ್ಪಾಯ ಎಲೆ ರಸ ಬೆಳಗ್ಗೆ ಸಂಜೆ ಎರಡೆರಡು ಚಮಚ ಕೊಡಮ್ಮ. ಎರಡೇ ದಿನದಲ್ಲಿ ಪ್ಲೇಟ್‌ಲೆಟ್ ಏರುತ್ತೆ. ನಮ್ಮ ಸೊಸೆಗೆ ಹಂಗೇ ಏರಿತ್ತು.

ಡೊಂಬಿವಲಿ_ಲ್ಯಾಬ್

ಅಕ್ಕಾರ, ನಾ ಡಾಕ್ಟರ್ ಅಲ್ಲ, ಅದನ್ನ ಮೊದ್ಲ ಹೇಳಿಬಿಡ್ತೀನಿ. ಹದಿನಾಲ್ಕ್ ವರ್ಷದಿಂದ ಲ್ಯಾಬ್‌ನ್ಯಾಗ ರಕ್ತ ತಗಿಯೋ ಕೆಲಸ. ಆದ್ರ ನೀವು ಬರೆದದ್ದು ಓದಿ ಸುಮ್ನ ಕುಂಡ್ರಾಕ ಆಗಲಿಲ್ಲ. ಮೊಣಕಾಲ್ ನೀರು, ಆಮ್ಯಾಲೆ ಒಂದು ವಾರಕ್ಕ ಒಮ್ಮೆಲೇ ಜ್ವರ, ಕೆಂಪು ಕಣ್ಣು, ಮೀನಖಂಡದ ನೋವು. ಇದನ್ನ ಕೇಳಿದ್ರ ಮೊದ್ಲ ನೆನಪಾಗೋದು ಲೆಪ್ಟೊ, ನಮ್ಮ ಕಡೆ ಇಲಿ ಜ್ವರ ಅಂತಾರಲ್ಲ, ಅದು. ಹೌದೋ ಅಲ್ಲೋ ಡಾಕ್ಟರ್ ಹೇಳಬೇಕು, ಆದ್ರ ಇವತ್ತೇ ಹೇಳಬೇಕು, ನಾಳೆ ಅಲ್ಲ.

ಈಗ ವಿಡಾಲ್ ಕಥಿ ಹೇಳ್ತೀನಿ ಕೇಳ್ರಿ. ವಿಡಾಲ್ ಅಂದ್ರ ಟೈಫಾಯ್ಡ್ ಕ್ರಿಮಿ ಹುಡುಕೋ ಟೆಸ್ಟ್ ಅಲ್ರೀ, ಅದರ ವಿರುದ್ಧ ನಿಮ್ಮ ರಕ್ತದಾಗ ಪ್ರತಿಕಾಯ ಎಷ್ಟದ ಅಂತ ನೋಡೋದು. ನಮ್ಮ ದೇಶದಾಗ ಹೊರಗಿನ ನೀರು ಕುಡ್ದವ್ರು, ಪಾನಿಪುರಿ ತಿಂದವ್ರು, ಹಿಂದ ಯಾವಾಗೋ ಟೈಫಾಯ್ಡ್ ಬಂದವ್ರು, ಲಸಿಕಿ ಹಾಕಿಸ್ಕೊಂಡವ್ರು, ಎಷ್ಟೋ ಮಂದಿಗೆ 1:80, ಅಂದ್ರ ರಕ್ತ ಎಂಬತ್ತು ಪಟ್ಟು ತೆಳು ಮಾಡಿದ್ರೂ ಪ್ರತಿಕಾಯ ಕಾಣೋ ಮಟ್ಟ, ಸುಮ್ನ ಬರ್ತದ. ನನ್ನ ರಕ್ತಾನೇ ಒಮ್ಮೆ ಹಚ್ಚಿ ನೋಡಿದ್ದೆ, ಓ 1:80 ಬಂತು, ಅವತ್ತು ನನಗ ಒಂದು ಸೀನು ಸೈತ ಬಂದಿರ್ಲಿಲ್ಲ. ಮತ್ತ ಜ್ವರದ ಎರಡನೇ ದಿನಕ್ಕ ವಿಡಾಲ್ ಮಾಡಿದ್ರ, ಖರೇನೇ ಟೈಫಾಯ್ಡ್ ಇದ್ದವ್ರಿಗೂ ಅದು ಇನ್ನೂ ಏರಿರಂಗಿಲ್ಲ. ಟೈಫಾಯ್ಡ್ ಖಾತ್ರಿ ಆಗಬೇಕಂದ್ರ ಮಾತ್ರೆ ಸುರು ಮಾಡೋಕಿಂತ ಮೊದ್ಲ ಬ್ಲಡ್ ಕಲ್ಚರ್ ಕಳಸಬೇಕು. ಅದಕ್ಕ ರೊಕ್ಕ ಹೆಚ್ಚು, ರಿಪೋರ್ಟಿಗೆ ಎರಡ್ಮೂರ್ ದಿನ ಕಾಯಬೇಕು, ಹಂಗಾಗಿ ಯಾರೂ ಬರಿಯಂಗಿಲ್ಲ. ವಿಡಾಲ್ ಸೋವಿ, ಸಂಜಿಗೆ ರಿಪೋರ್ಟ್ ಬರ್ತದ, ಪೇಷಂಟ್‌ಗೂ ಒಂದು ಹೆಸರು ಸಿಕ್ಕಂಗ ಆಗ್ತದ.

ಇನ್ನೊಂದು ವಿಷಯ. ಟೈಫಾಯ್ಡ್ ಜ್ವರ ಸಾಮಾನ್ಯವಾಗಿ ದಿನಾ ಒಂದೊಂದ್ ಮೆಟ್ಲ ಏರ್ಕೋತ ಹೋಗ್ತದ, ನಿಮ್ಮ ತಮ್ಮಂದು ಒಂದೇ ಸಂಜಿಗೆ 103. ಡೆಂಗ್ಯೂದಾಗ ಬಿಳಿ ಕಣ ಬಹಳ ಸಲ 4 ಸಾವಿರದ ಕೆಳಗ ಇಳೀತಾವ, ನಿಮ್ದು 14 ಸಾವಿರ ಏರ್ಯಾವ. ಪ್ಲೇಟ್‌ಲೆಟ್ ಇಳಿಯೋದು ಡೆಂಗ್ಯೂ ಒಂದರಾಗ ಅಲ್ಲ, ಮಲೇರಿಯಾದಾಗೂ ಇಳೀತದ, ಲೆಪ್ಟೊದಾಗೂ ಇಳೀತದ. ಲೆಪ್ಟೊ ಐಜಿಎಂ ಅನ್ನೋ ಟೆಸ್ಟ್ ಐದಾರು ದಿನ ಆದ ಮ್ಯಾಲೆ ಮಾಡಿದ್ರ ಭರವಸಾ ಜಾಸ್ತಿ, ಮೊದಲನೇ ವಾರದಾಗ ನೆಗೆಟಿವ್ ಬಂದ್ರ ಇಲ್ಲ ಅನ್ನಾಕ ಬರಂಗಿಲ್ಲ, ಆವಾಗ ಕ್ರಿಮಿನೇ ಹುಡುಕೋ ಪಿಸಿಆರ್ ಟೆಸ್ಟ್ ಮಾಡ್ತಾರ. ಹಂಗಂತ ರಿಪೋರ್ಟಿಗೆ ಕಾಯ್ಕೋತ ಕುಂಡ್ರಬ್ಯಾಡ್ರಿ, ಅನುಮಾನ ಬಂದ್ರನ ಔಷಧ ಸುರು ಮಾಡ್ತಾರ. ದೊಡ್ಡ ಸರ್ಕಾರಿ ದವಾಖಾನಿಗೆ ಹೋಗ್ರಿ, ಕಿಡ್ನಿ ನೋಡೋ ಕ್ರಿಯಾಟಿನಿನ್, ಲಿವರ್ ನೋಡೋ ಬಿಲಿರುಬಿನ್, ಮಲೇರಿಯಾ ಸ್ಮಿಯರ್ ಇನ್ನೊಮ್ಮೆ ಮಾಡ್ರಿ ಅಂತ ಕೇಳ್ರಿ, ಮತ್ತ ಬಾಗಿಲದಾಗ ಕಾಲಿಟ್ಟ ಕೂಡಲೇ ಹೇಳೋದು ಒಂದೇ ಮಾತು: ಹನ್ನೆರಡು ದಿನದ ಹಿಂದ ನೀರಾಗ ನಡದಾನ. ಆ ಒಂದು ಮಾತು ಹತ್ತು ರಿಪೋರ್ಟಿಗೆ ಸಮ.

ಮೂತ್ರ ಎಷ್ಟು ಹೊಂಟದ, ಯಾವ ಬಣ್ಣ ಅದ?

ಕುರ್ಲಾ_ಅಕ್ಕ

ಅಣ್ಣಾ, ಮೂತ್ರ ಚಹಾ ಡಿಕಾಕ್ಷನ್ ಥರ ಇದೆಯಂತೆ, ಈಗ ಕೇಳಿದ್ಮೇಲೆ ಹೇಳ್ದ. ನಿನ್ನೆಯಿಂದ ಎರಡೇ ಸಲ ಹೋಗಿದಾನೆ. ಸಲೈನ್‌ಗೆ ಮೈ ಉಷ್ಣ ಆಗಿರಬೇಕು ಅನ್ಕೊಂಡ್ವಿ. ಡಾಕ್ಟ್ರಿಗೆ ನೀರಲ್ಲಿ ನಡೆದಿದ್ದು ಹೇಳಿಲ್ಲ, ಅವರೂ ಕೇಳ್ಲಿಲ್ಲ, ನಮಗೂ ಅದು ಹೇಳೋ ವಿಷಯ ಅಂತ ಹೊಳೀಲಿಲ್ಲ. ಹೊರಡ್ತಿದೀವಿ ಈಗ.

ಮಾಟುಂಗಾ_ಮಾಣಿ

ತಂಗೀ, ಹೊರಟದ್ದು ಒಳ್ಳೇದಾಯ್ತು. ಜ್ವರದ ಜೊತೆ ಮೈಕೈ ನೋವು ಅಂತ ಮೆಡಿಕಲ್‌ನಿಂದ ಡೈಕ್ಲೋಫೆನ್ಯಾಕ್, ಬ್ರೂಫೆನ್ ಎಂಥದ್ದೂ ತಿನ್ನಿಸ್ಬೇಡಿ, ಕಿಡ್ನಿಗೆ ಒಳ್ಳೇದಲ್ಲ, ಡೆಂಗ್ಯೂ ಆದ್ರೂ ಆಗುದಿಲ್ಲ. ಪ್ಯಾರಾಸಿಟಮಾಲ್ ಮಾತ್ರ.

ನಾನು ಇಲ್ಲಿ ಹೋಟ್ಲು ಲೈನಿನಲ್ಲಿ ನಲ್ವತ್ತು ವರ್ಷ ಮಾರಾಯ್ರೆ. 2005ರ ಜುಲೈ 26 ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗೆ ಉಂಟು. ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ. ನಮ್ಮ ಕಿಚನ್ನಿಗೆ ಸೊಂಟದವರೆಗೆ ನೀರು, ಅಕ್ಕಿ ಚೀಲ ಎಲ್ಲ ತೇಲ್ತಾ ಇತ್ತು, ಹುಡುಗರು ಎರಡು ದಿನ ಅದೇ ನೀರಿನಲ್ಲಿ ನಿಂತು ಸಾಮಾನು ಎತ್ತಿದ್ರು. ನೆರೆ ಇಳಿದದ್ದಕ್ಕೆ ದೇವರಿಗೆ ಕೈ ಮುಗಿದ್ವು. ಆದ್ರೆ ಆಮೇಲೆ ಆಗಸ್ಟ್‌ನಲ್ಲಿ ಜ್ವರ ಸುರು ಆಯ್ತು ನೋಡಿ, ಊರೆಲ್ಲ ಲೆಪ್ಟೊ. ನಮ್ಮಲ್ಲಿ ಪಾತ್ರೆ ತೊಳೆಯುವ ಒಬ್ಬ ಹುಡುಗನಿಗೆ ಕಣ್ಣು ಹಳದಿ ಆಗಿ ಮೂತ್ರ ನಿಂತು ಡಯಾಲಿಸಿಸ್‌ವರೆಗೆ ಹೋಯ್ತು, ಪುಣ್ಯಕ್ಕೆ ಬದುಕಿದ. ಅವನ ಕಾಲಿನ ಬೆರಳ ಸಂದಿಯೆಲ್ಲ ಯಾವಾಗ್ಲೂ ನೀರಿಗೆ ಬೆಳ್ಳಗೆ ಕೊಳೆತ ಹಾಗೆ ಇರ್ತಿತ್ತು, ಕ್ರಿಮಿ ಅಲ್ಲಿಂದ್ಲೇ ಒಳಗೆ ಹೋದದ್ದು ಅಂತ ಡಾಕ್ಟ್ರು ಹೇಳಿದ್ರು.

ಇಲಿ ಮೂತ್ರ ಹೊಯ್ಯುದು ಗಟಾರದಲ್ಲಿ, ಗಟಾರ ತುಂಬಿ ಬರುದು ರಸ್ತೆಗೆ. ಇಲಿ ಮಾತ್ರ ಅಲ್ಲ, ನಾಯಿ, ದನದ ಮೂತ್ರದಲ್ಲೂ ಇರ್ತದೆ. ಊರಲ್ಲಿ ಗದ್ದೆ ಕೆಲಸದವರಿಗೆ ಬರ್ತದಲ್ಲ, ಅದೇ ಇದು. ಗಾಯ ಇದ್ರೆ ಗಾಯದಿಂದ, ಇಲ್ಲದಿದ್ರೆ ನೆನೆದು ಮೆತ್ತಗಾದ ಚರ್ಮದಿಂದ, ಕಣ್ಣು ಬಾಯಿಂದ ಒಳಗೆ ಹೋಗ್ತದೆ.

ಆವತ್ತಿಂದ ನಮ್ಮಲ್ಲಿ ಒಂದು ರೂಲು. ನೀರಿನಲ್ಲಿ ನಡೆದು ಬಂದವ ಸೀದಾ ಬಾತ್‌ರೂಮಿಗೆ, ಸಾಬೂನು ಹಾಕಿ ಕಾಲು ತೊಳೆದು ಒಣಗಿಸ್ಬೇಕು, ಮರುದಿನ ಬಿಎಂಸಿ, ಅಂದ್ರೆ ಮುಂಬೈ ಮಹಾನಗರಪಾಲಿಕೆ ದವಾಖಾನೆಗೆ ಹೋಗಿ ತೋರಿಸ್ಬೇಕು. 72 ಗಂಟೆ ಒಳಗೆ ಡಾಕ್ಸಿಸೈಕ್ಲಿನ್ ತಗೊಳ್ಳಿ ಅಂತ ಬಿಎಂಸಿಯವರು ಪ್ರತಿ ಮಳೆಗಾಲ ಹೇಳ್ತಾರೆ, ಯಾರು ಕೇಳ್ತಾರೆ. ಗಾಯ ಇಲ್ಲದೆ ಒಂದು ಸಲ ನಡೆದವರಿಗೆ 200 ಮಿಲಿಗ್ರಾಂ ಒಂದೇ ಸಲ ಸಾಕು, ಗಾಯ ಇದ್ದವರಿಗೆ, ಪುನಃ ಪುನಃ ನೀರಿಗಿಳಿಯುವವರಿಗೆ ಹೆಚ್ಚು ದಿನ. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ಅದು ಆಗುದಿಲ್ಲ, ಬೇರೆ ಕೊಡ್ತಾರೆ. ಹಾಗಾಗಿ ಕೇಳಿಯೇ ತಗೊಳ್ಳುದು.

ಪುಣೆ_ಸಿಸ್ಟರ್

ಕುರ್ಲಾ ಅಕ್ಕ, ತಟ್ಟೆ ಲೋಟ ಬೇರೆ ಇಡೋ ಅಗತ್ಯ ಇಲ್ಲ, ಲೆಪ್ಟೊ ಮನುಷ್ಯರಿಂದ ಮನುಷ್ಯರಿಗೆ ಬರೋದು ತೀರಾ ಅಪರೂಪ. ಡೆಂಗ್ಯೂ ಮಲೇರಿಯಾನೂ ಮುಟ್ಟಿದ್ರೆ ಬರಲ್ಲ, ನಡುವೆ ಸೊಳ್ಳೆ ಬೇಕು. ಇವನ್ನೆಲ್ಲ ಬಿಟ್ಟು ಟೈಫಾಯ್ಡೇ ಆಗಿದ್ರೆ ಮಾತ್ರ ಟಾಯ್ಲೆಟ್‌ಗೆ ಹೋಗಿ ಬಂದ ಕೈ, ಅಡುಗೆ ಮುಟ್ಟೋ ಕೈ ಬಗ್ಗೆ ಜಾಗ್ರತೆ. ಮಕ್ಳು ಆ ನೀರಿಗೆ ಇಳಿದಿಲ್ಲ ತಾನೆ? ಹಂಗಾದ್ರೆ ಅವರ ಯೋಚನೆ ಬಿಡಿ.

ಪಪ್ಪಾಯ ಎಲೆ ವಿಷಯ, ಚಿಕ್ಕಪ್ಪ ಬೇಜಾರಾಗ್ಬೇಡಿ. ಡೆಂಗ್ಯೂಲಿ ಪ್ಲೇಟ್‌ಲೆಟ್ ಏಳೆಂಟು ದಿನಕ್ಕೆ ತಾನಾಗೇ ಏರುತ್ತೆ, ರಸ ಕುಡಿದ್ರೂ ಏರುತ್ತೆ ಕುಡೀದಿದ್ರೂ ಏರುತ್ತೆ, ಹೆಸರು ಮಾತ್ರ ಪಪ್ಪಾಯಕ್ಕೆ. ಮೊದಲೇ ವಾಂತಿ ಮಾಡ್ಕೊತಿರೋ ಪೇಷಂಟ್‌ಗೆ ಆ ಕಹಿ ಕುಡಿಸಿ ಇನ್ನಷ್ಟು ವಾಂತಿ ಮಾಡಿಸಿ ಕರ್ಕೊಂಡು ಬರ್ತಾರೆ ವಾರ್ಡಿಗೆ. ನಮ್ಮ ವಾರ್ಡಲ್ಲಿ ಮನೆಯವರೆಲ್ಲ ಕೇಳೋದು ಒಂದೇ, ಸಿಸ್ಟರ್ ಕೌಂಟ್ ಎಷ್ಟು. ರಕ್ತ ಸೋರದೇ ಇದ್ರೆ ಕೌಂಟ್ 10 ಸಾವಿರದ ಹತ್ರ ಬರೋ ತನಕ ಸಾಮಾನ್ಯವಾಗಿ ಹೊರಗಿಂದ ಪ್ಲೇಟ್‌ಲೆಟ್ ಏರಿಸೋದೂ ಇಲ್ಲ. ನಾವು ಅದಕ್ಕಿಂತ ಹೆಚ್ಚಾಗಿ ನೋಡೋದು ರಕ್ತ ಗಟ್ಟಿ ಆಗ್ತಿದೆಯಾ ಅಂತ, ಹೆಮಟೋಕ್ರಿಟ್. ಡೆಂಗ್ಯೂಲಿ ಅಪಾಯ ಜ್ವರ ಇದ್ದಾಗ ಅಲ್ಲ, ಜ್ವರ ಬಿಟ್ಟ ಮೇಲಿನ ಒಂದೆರಡು ದಿನ. ಜ್ವರ ಹೋಯ್ತು ಅಂತ ಮನೆಯವರು ಖುಷಿಯಾಗಿ ಡಿಸ್ಚಾರ್ಜ್ ಕೇಳ್ತಾರೆ, ಅದೇ ಹೊತ್ತಿಗೆ ಹೊಟ್ಟೆ ನೋವು, ಮೇಲಿಂದ ಮೇಲೆ ವಾಂತಿ, ಕೈಕಾಲು ತಣ್ಣಗೆ ಶುರುವಾಗುತ್ತೆ.

ಡೊಂಬಿವಲಿ ಅಣ್ಣ ಹೇಳಿದ "ಹಿಂದೆ ಏನಾಯ್ತು" ಅನ್ನೋ ಮಾತಿಗೆ ಒಂದು ಸೇರಿಸ್ತೀನಿ. 2025ರ ಜನವರಿಲಿ ಇಲ್ಲಿ ಸಿಂಹಗಡ ರಸ್ತೆ ಕಡೆಯಿಂದ ಕಾಲು ಸೋತು ಬರೋ ಪೇಷಂಟ್‌ಗಳು ಜಾಸ್ತಿಯಾದ್ರು, ಗಿಯಾನ್ ಬಾರೆ ಅನ್ನೋ ನರಗಳ ಕಾಯಿಲೆ. ಕಾಲಿನ ರೋಗಕ್ಕೆ ಬಂದವರನ್ನ ಡಾಕ್ಟ್ರು ಕೇಳ್ತಿದ್ದಿದ್ದು ಹೊಟ್ಟೆ ವಿಷಯ, ಹೋದ ವಾರ ಭೇದಿ ಆಗಿತ್ತಾ, ನೀರು ಎಲ್ಲಿಂದು ಅಂತ. ಮಲದ ಪರೀಕ್ಷೆಲಿ ಹಲವರಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಅನ್ನೋ ಭೇದಿ ಕ್ರಿಮಿ ಸಿಕ್ತು. ಭೇದಿ ನಿಂತು ಹೋಗಿತ್ತು ಅಂತ ಎಷ್ಟೋ ಜನ ಅದನ್ನ ತಾವಾಗಿ ಹೇಳಿರಲೇ ಇಲ್ಲ.

ವಾಸ್ಕೋ_ಗೌಡ

ಇದೇ ಮಾತು ನಾನೂ ಹೇಳೋಣ ಅಂತಿದ್ದೆ. ಇಲ್ಲಿ ಗೋವಾದಲ್ಲಿ ಸತ್ತರಿ ಕಡೆ ಗೇರು ತೋಟದ ಕೆಲಸಕ್ಕೆ ನಮ್ಮ ಜನ ಬರ್ತಾರಲ್ಲ, ಅವರಿಗೆ ಜ್ವರ ಬಂದ್ರೆ ಕಾಡಿಗೆ ಹೋಗಿದ್ರಾ, ಉಣ್ಣೆ ಕಚ್ಚಿತ್ತಾ, ಮಂಗ ಸತ್ತು ಬಿದ್ದಿದ್ದು ನೋಡಿದ್ರಾ ಅಂತ ಕೇಳ್ತಾರೆ. ನಮ್ಮ ಸೊರಬದ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಕಾಣಿಸ್ಕೊಂಡ ಮಂಗನ ಕಾಯಿಲೆ 2015ರಲ್ಲಿ ಇಲ್ಲಿಗೂ ಬಂತು. ಅದನ್ನೂ ಸಾದಾ ಲ್ಯಾಬಲ್ಲಿ ಹುಡುಕೋಕಾಗಲ್ಲ, ಅನುಮಾನ ಬಂದ್ರೆ ತಾನೇ ಸ್ಯಾಂಪಲ್ ಕಳ್ಸೋದು. ವಿಷಯ ಬೇರೆ ಕಡೆ ಹೋಯ್ತು, ಸಾರಿ. ತಮ್ಮ ಹೇಗಿದಾನೆ?

ಕುರ್ಲಾ_ಅಕ್ಕ

ಒಂಬತ್ತು ದಿನ ಆದ್ಮೇಲೆ ಬರೀತಿದೀನಿ, ಕ್ಷಮಿಸಿ, ಮನೆ ಆಸ್ಪತ್ರೆ ಓಡಾಟದಲ್ಲಿ ಫೋನ್ ನೋಡೋಕೂ ಆಗ್ಲಿಲ್ಲ.

ಅವತ್ತು ರಾತ್ರಿ ಕ್ಯಾಶುವಾಲ್ಟಿಲಿ ಕೂತಿದ್ದ ಚಿಕ್ಕ ವಯಸ್ಸಿನ ಡಾಕ್ಟರ್‌ಗೆ ನೀರಲ್ಲಿ ನಡೆದಿದಾನೆ ಅಂದೆ ಅಷ್ಟೇ, ತಕ್ಷಣ ಬಗ್ಗಿ ಮೀನಖಂಡ ಒತ್ತಿದ್ರು, ಇವನು ಇಡೀ ಹಾಲ್ ಕೇಳೋ ಹಂಗೆ ಕೂಗ್ದ. ಆಮೇಲೆ ಪಾದ ತಿರುಗಿಸಿ ನೋಡಿದ್ರು. ಎಡಗಾಲು ಹಿಮ್ಮಡಿ ಮೇಲೆ ಶೂ ಕಚ್ಚಿದ ಗಾಯ, ಒಣಗಿ ಹಕ್ಕಳೆ ಕಟ್ಟಿತ್ತು, ಕಡ್ಲೆಬೇಳೆಯಷ್ಟೂ ಇಲ್ಲ. ಹೊಸ ಶೂ ಅದು, ನಾನೇ ಕೊಡ್ಸಿದ್ದು.

ಕ್ರಿಯಾಟಿನಿನ್ 2.4, ಬಿಲಿರುಬಿನ್ 3.1, ಎರಡೂ ಜಾಸ್ತಿ ಇತ್ತು. ರಿಪೋರ್ಟ್ ಬರೋಕೆ ಮುಂಚೇನೇ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಶುರು ಮಾಡಿದ್ರು, ಮೂತ್ರ ಅಳೆಯೋಕೆ ಒಂದು ಪ್ಲಾಸ್ಟಿಕ್ ಜಗ್ ಕೊಟ್ರು, ಎರಡು ದಿನ ನನ್ನ ಕೆಲಸ ಅದೇ, ಎಷ್ಟು ಮಿಲಿ ಅಂತ ಚೀಟಿಲಿ ಬರೆಯೋದು. ಲೆಪ್ಟೊ ಐಜಿಎಂ ಪಾಸಿಟಿವ್ ಬಂತು. ಡಯಾಲಿಸಿಸ್ ಬೇಕಾಗ್ಲಿಲ್ಲ. ಏಳನೇ ದಿನ ಮನೆಗೆ ಕಳ್ಸಿದ್ರು, ಈಗ ಗಂಜಿ, ತಿಳಿಸಾರು ತಿಂತಿದಾನೆ, ಸುಸ್ತು ಇದೆ.

ಆಮೇಲೆ ಬಿಎಂಸಿಯವರು ಮನೆಗೆ ಬಂದು ಇಲಿ ಬಿಲ ನೋಡ್ಕೊಂಡು ಹೋದ್ರು. ಹೋಗ್ತಾ ಖೋಲಿ ಮೇಲೆ ಹೊದಿಸಿರೋ ನೀಲಿ ತಾಡಪತ್ರಿ ಮೇಲೆ ಹತ್ತಿ ನೋಡಿ, ಅದರ ಮಡಿಕೇಲಿ ನಿಂತಿದ್ದ ಮಳೆ ನೀರಲ್ಲಿ ಸೊಳ್ಳೆ ಮರಿ ಆಡ್ತಿದ್ದಿದ್ದು ತೋರ್ಸಿದ್ರು. ಡೆಂಗ್ಯೂ ಪಕ್ಕದ್ಮನೆಯವ್ರು ಹೇಳಿದ ಕಡೆ ಇರ್ಲಿಲ್ಲ, ನಮ್ಮ ತಲೆ ಮೇಲೇ ರೆಡಿ ಆಗ್ತಿತ್ತು! ತಾಡಪತ್ರಿ ಬಿಗಿದು ಕಟ್ಟಿದೀವಿ, ನೀರಿನ ಡ್ರಮ್ಮು ವಾರಕ್ಕೊಂದ್ಸಲ ಖಾಲಿ ಮಾಡಿ ಉಜ್ಜಿ ತುಂಬ್ತಿದೀನಿ.

ಡೊಂಬಿವಲಿ ಅಣ್ಣ, ನಿಮಗೆ ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ. ಒಂದ್ಸಲ ನಮ್ಮನೆಗೆ ಊಟಕ್ಕೆ ಬನ್ನಿ.

ಚೆಂಬೂರ್_ಚಿಕ್ಕಪ್ಪ

ಒಳ್ಳೇದಾಯ್ತಮ್ಮ. ಪಪ್ಪಾಯ ಗಿಡದಲ್ಲಿ ಇನ್ಮೇಲೆ ಹಣ್ಣು ಮಾತ್ರ ಕೀಳ್ತೀನಿ ಬಿಡು.

ಡೊಂಬಿವಲಿ_ಲ್ಯಾಬ್

ಅಕ್ಕಾರ, ಊಟಕ್ಕ ಬರ್ತೀನಿ, ಮುದ್ದಿ ಬ್ಯಾಡ, ರೊಟ್ಟಿ ಇದ್ರ ಹೇಳ್ರಿ. ಡಿಸ್ಚಾರ್ಜ್ ಕಾಗದ ಕಳಕೋಬ್ಯಾಡ್ರಿ, ಡಾಕ್ಟರ್ ಹೇಳಿದ ದಿನ ಕ್ರಿಯಾಟಿನಿನ್ ಇನ್ನೊಮ್ಮೆ ಮಾಡಸ್ರಿ, ಆರಾಮಾಗ್ಯಾನಲ್ಲ ಅಂತ ಬಿಡಬ್ಯಾಡ್ರಿ. ಮತ್ತ ಒಮ್ಮೆ ಬಂದದ ಅಂತ ಮುಂದ ಬರಂಗಿಲ್ಲ ಅನ್ಕೋಬ್ಯಾಡ್ರಿ, ಲೆಪ್ಟೊದಾಗ ಭಾಳ ಜಾತಿ ಅದಾವ, ಇನ್ನೊಂದು ಬರಬಹುದು. ಕೆಲಸಕ್ಕ ಹೊಂಟಾಗ ಗಮ್‌ಬೂಟ್ ಕೊಡಸ್ರಿ. ಒಂದು ನಂಬರ್ ದೊಡ್ಡದು ತಗೋರಿ, ಮತ್ತ ಹಿಮ್ಮಡಿ ಕಚ್ಚೀತು.