ಸಿಪ್ಯಾಪ್ ಮಾಸ್ಕ್ ರಾತ್ರಿಯೆಲ್ಲ ಸುಯ್ ಅನ್ನುತ್ತದೆ: ಸದ್ದಿಲ್ಲದ, ಹಿತವಾದ ಮಾಸ್ಕ್ ಯಾವುದು?

ಪ್ರಶ್ನೆ: ನಮಸ್ಕಾರ ಮೇಡಂ. ನೀವು ಸ್ಲೀಪ್ ಲ್ಯಾಬ್‌ನಲ್ಲಿ ಟೆಕ್ನಾಲಜಿಸ್ಟ್ ಎಂದು ಗುಂಪಿನಲ್ಲಿ ಓದಿದೆ, ಅದಕ್ಕೇ ಕೇಳುತ್ತಿದ್ದೇನೆ. ನನಗೆ ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ತೊಂದರೆ ಇದೆ. ಟೆಸ್ಟ್‌ನಲ್ಲಿ ಎಎಚ್‌ಐ (ಗಂಟೆಗೆ ಸರಾಸರಿ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂಬ ಲೆಕ್ಕ) 38 ಬಂತು. ಡಾಕ್ಟರು ಸಿಪ್ಯಾಪ್, ಅಂದರೆ ಮಾಸ್ಕ್ ಮೂಲಕ ಒತ್ತಡದ ಗಾಳಿ ಕೊಟ್ಟು ಗಂಟಲು ತೆರೆದಿಡುವ ಯಂತ್ರ ಕೊಟ್ಟು, ಒತ್ತಡ 11 (ಸೆಂಟಿಮೀಟರ್ ನೀರಿನ ಲೆಕ್ಕದಲ್ಲಿ) ಇಟ್ಟಿದ್ದಾರೆ. ಮಾಸ್ಕ್ ಮೂಗು ಬಾಯಿ ಎರಡನ್ನೂ ಮುಚ್ಚುವ ಫುಲ್ ಫೇಸ್. ಹಗಲಿನ ತೂಕಡಿಕೆ ಕಡಿಮೆಯಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಡುರಾತ್ರಿ ಹೊತ್ತಿಗೆ ಕಣ್ಣಿನ ಪಕ್ಕದಲ್ಲಿ ಸುಯ್ ಎಂದು ಗಾಳಿ ಸೋರಲು ಶುರುವಾಗುತ್ತದೆ. ಪಟ್ಟಿ ಎಳೆದು ಬಿಗಿ ಮಾಡುತ್ತೇನೆ. ಸ್ವಲ್ಪ ಹೊತ್ತು ನಿಲ್ಲುತ್ತದೆ, ಮತ್ತೆ ಅದೇ ಕಥೆ. ಬೆಳಿಗ್ಗೆ ಮೂಗಿನ ಮೇಲೆ ಕೆಂಪು ಗುರುತು, ಕಣ್ಣುರಿ. ಹೆಂಡತಿಗೆ ಈ ಸದ್ದಿಗೆ ನಿದ್ದೆ ಹತ್ತುತ್ತಿಲ್ಲ. ಸದ್ದು ಮಾಡದ ಒಳ್ಳೆಯ ಮಾಸ್ಕ್ ಹೆಸರು ಹೇಳಿ, ಅದನ್ನೇ ತರಿಸುತ್ತೇನೆ.

ಉತ್ತರ: ನಮಸ್ಕಾರ ಸರ್. ಹೊಸ ಮಾಸ್ಕ್ ತರಿಸುವ ಮೊದಲು ಈಗಿರುವುದನ್ನು ಸರಿಯಾಗಿ ಕೂರಿಸಿ ನೋಡೋಣ. ನೀವು ಬಿಗಿ ಮಾಡುತ್ತಿರುವುದರಿಂದಲೇ ಸೋರಿಕೆ ಹೆಚ್ಚುತ್ತಿರಬಹುದು. ನನ್ನ ಹತ್ತಿರ ಬರುವವರಲ್ಲಿ ಬಹಳ ಜನರದ್ದು ಇದೇ ತೊಂದರೆ.

ಮಾಸ್ಕ್‌ನ ಕುಶನ್ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ. ಮುಖಕ್ಕೆ ತಾಗುವ ಕಡೆ ಸಿಲಿಕಾನ್‌ನ ತೆಳುವಾದ ಪದರ ಇರುತ್ತದೆ. ಯಂತ್ರದ ಗಾಳಿ ಒಳಗೆ ತುಂಬಿದಾಗ ಆ ಪದರ ಉಬ್ಬಿ, ಚರ್ಮಕ್ಕೆ ತಾನಾಗಿ ಅಂಟಿಕೊಳ್ಳುತ್ತದೆ. ಸೋರದಂತೆ ತಡೆಯುವುದು ಈ ಪದರ. ಪಟ್ಟಿಯ ಕೆಲಸ ಮಾಸ್ಕನ್ನು ಜಾಗದಲ್ಲಿ ಹಿಡಿದಿಡುವುದು, ಅಷ್ಟೇ. ಪಟ್ಟಿ ಜಗ್ಗಿದರೆ ತೆಳು ಪದರ ಚಪ್ಪಟೆಯಾಗಿ ಮಡಚಿಕೊಳ್ಳುತ್ತದೆ. ಆ ಮಡಿಕೆಯಲ್ಲಿ ಗಾಳಿ ದಾರಿ ಮಾಡಿಕೊಂಡು ಸೀಟಿ ಹೊಡೆಯುತ್ತದೆ. ಜೊತೆಗೆ ಪೂರ್ತಿ ಭಾರ ಮೂಗಿನ ಮೇಲ್ಭಾಗದ ಎಲುಬಿಗೆ ಬೀಳುತ್ತದೆ. ಅಲ್ಲಿ ಚರ್ಮ ತೆಳು, ಅದಕ್ಕೇ ಮೊದಲು ಅಲ್ಲಿಯೇ ಕೆಂಪಾಗುತ್ತದೆ.

ಇವತ್ತು ರಾತ್ರಿ ಹೀಗೆ ಮಾಡಿ. ಮುಖ ತೊಳೆದು ಒರೆಸಿಕೊಳ್ಳಿ, ಕ್ರೀಮ್ ಹಚ್ಚಬೇಡಿ. ಎಲ್ಲಾ ಪಟ್ಟಿಗಳನ್ನೂ ಸಡಿಲ ಬಿಡಿ. ನೀವು ಯಾವಾಗಲೂ ಮಲಗುವ ಭಂಗಿಯಲ್ಲಿ, ನಿಮ್ಮದೇ ದಿಂಬಿನ ಮೇಲೆ ಮಲಗಿ. ಕೂತುಕೊಂಡು ಸರಿಮಾಡಿದ ಮಾಸ್ಕ್ ಮಲಗಿದಾಗ ಸರಿ ಇರುವುದಿಲ್ಲ. ಮಲಗಿದಾಗ ಕೆನ್ನೆಯ ಮಾಂಸ ಪಕ್ಕಕ್ಕೆ ಇಳಿಯುತ್ತದೆ, ದವಡೆ ಹಿಂದಕ್ಕೆ ಜಾರುತ್ತದೆ. ಈಗ ಯಂತ್ರ ಶುರು ಮಾಡಿ. ಕಡಿಮೆ ಒತ್ತಡದಿಂದ ನಿಧಾನಕ್ಕೆ ಏರುವ ರ‍್ಯಾಂಪ್ ಸೌಲಭ್ಯವನ್ನು ಆ ಹೊತ್ತಿಗೆ ಮಾತ್ರ ಆಫ್ ಮಾಡಿ, ನಿಮ್ಮ ಪೂರ್ತಿ ಒತ್ತಡ ಬರಲಿ. ಕೆಲವು ಯಂತ್ರಗಳಲ್ಲಿ ಇದಕ್ಕೆಂದೇ ಮಾಸ್ಕ್ ಫಿಟ್ ಎಂಬ ಆಯ್ಕೆ ಇರುತ್ತದೆ.

ಗಾಳಿ ಬರುತ್ತಿರುವಾಗಲೇ ಮಾಸ್ಕನ್ನು ಮುಖದಿಂದ ಒಂದಿಷ್ಟು ಮುಂದಕ್ಕೆ ಎತ್ತಿ, ಕುಶನ್ ಉಬ್ಬಲು ಬಿಟ್ಟು, ಮೆಲ್ಲಗೆ ಮತ್ತೆ ಕೂರಿಸಿ. ಎಷ್ಟೋ ಸಲ ಇಷ್ಟಕ್ಕೇ ಸದ್ದು ನಿಲ್ಲುತ್ತದೆ. ಆಮೇಲೆ ಪಟ್ಟಿಗಳನ್ನು ಎರಡೂ ಕಡೆ ಒಟ್ಟಿಗೆ, ಸಮವಾಗಿ, ಸೋರಿಕೆ ನಿಲ್ಲುವಷ್ಟು ಮಾತ್ರ ಎಳೆಯಿರಿ. ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ಎಡಕ್ಕೆ, ಬಲಕ್ಕೆ ಹೊರಳಿ ನೋಡಿ. ಗಾಳಿ ಕಣ್ಣಿಗೆ ಹೊಡೆಯುತ್ತಿದ್ದರೆ ಮಾಸ್ಕ್ ಒಂದು ಎಳೆ ಮೇಲೆ ಏರಿ ಕೂತಿರಬಹುದು, ಕೆಳಕ್ಕೆ ಜರುಗಿಸಿ.

ನಡುರಾತ್ರಿಯೇ ಯಾಕೆ ಶುರುವಾಗುತ್ತದೆ ಎಂದರೆ, ಮಲಗುವಾಗ ಇದ್ದದ್ದು ರ‍್ಯಾಂಪ್‌ನ ಕಡಿಮೆ ಒತ್ತಡ. ಅದು 11ಕ್ಕೆ ಏರುವ ಹೊತ್ತಿಗೆ ನೀವು ನಿದ್ದೆಯಲ್ಲಿರುತ್ತೀರಿ, ಮುಖದ ಸ್ನಾಯುಗಳು ಸಡಿಲವಾಗಿರುತ್ತವೆ, ಬಾಯಿ ತೆರೆದುಕೊಂಡಿರುತ್ತದೆ. ಮುಖದಲ್ಲಿ ಎಣ್ಣೆ ಒಸರಿ ಕುಶನ್ ಜಾರುವುದೂ ಉಂಟು.

ಬೆಳಗಿನ ಗುರುತು ಅರ್ಧ ಗಂಟೆಯೊಳಗೆ ಮಾಯವಾದರೆ ಚಿಂತೆ ಬೇಡ. ಅದಕ್ಕಿಂತ ಹೊತ್ತು ಉಳಿದರೆ, ಚರ್ಮ ಸುಲಿದರೆ ಅಥವಾ ನೋವಿದ್ದರೆ ಮಾಸ್ಕ್ ಬದಲಾಯಿಸಲೇಬೇಕು.

ಇನ್ನು ಯಾವ ಮಾಸ್ಕ್ ಎಂಬ ಪ್ರಶ್ನೆ. ನಿಮಗೆ ನಿಜವಾಗಿಯೂ ಫುಲ್ ಫೇಸ್ ಬೇಕಾ ಎಂದು ಡಾಕ್ಟರನ್ನು ಕೇಳಿ. ಮೂಗು ಚೆನ್ನಾಗಿ ಉಸಿರಾಡುತ್ತಿದ್ದರೆ ಮೂಗಿನ ಮಾಸ್ಕ್‌ನಿಂದಲೇ ಶುರು ಮಾಡುವುದು ಒಳ್ಳೆಯದು. ಅಮೆರಿಕನ್ ಅಕಾಡೆಮಿ ಆಫ್ ಸ್ಲೀಪ್ ಮೆಡಿಸಿನ್ 2019ರ ಮಾರ್ಗಸೂಚಿಯಲ್ಲಿಯೂ ಇದನ್ನೇ ಹೇಳಿದೆ. ಫುಲ್ ಫೇಸ್‌ನಲ್ಲಿ ಅಂಚು ಉದ್ದ, ಗಲ್ಲ ಅಲ್ಲಾಡಿದಾಗಲೆಲ್ಲ ಮಾಸ್ಕ್ ಕದಲುತ್ತದೆ. ಕೆಲವರಿಗೆ ಅದು ದವಡೆಯನ್ನು ಹಿಂದಕ್ಕೆ ಒತ್ತುವುದರಿಂದ ಒತ್ತಡವೂ ಜಾಸ್ತಿ ಬೇಕಾಗುತ್ತದೆ. ಬಾಯಿ ಮುಚ್ಚುವ ಮಾಸ್ಕೇ ಬೇಕು ಎಂದಾದರೆ, ಮೂಗಿನ ಮೇಲೇರದೆ ಮೂಗಿನ ಕೆಳಗೆ ಕೂರುವ ಮಾದರಿಗಳಿವೆ. ಮೂಗಿನ ಎಲುಬಿಗೂ ಕಣ್ಣಿಗೂ ಅದರಲ್ಲಿ ಬಿಡುವು ಸಿಗುತ್ತದೆ.

ಒಂದೇ ಹೆಸರು ಹೇಳಿ ನಿಮ್ಮನ್ನು ಕಳಿಸಲು ನನಗೆ ಮನಸ್ಸಿಲ್ಲ. ಮೂಗಿನ ಅಗಲ, ಗಲ್ಲದ ಆಕಾರ, ಮಲಗುವ ಭಂಗಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಒಂದು ಕಂಪನಿಯ ಮೀಡಿಯಂ ಇನ್ನೊಂದು ಕಂಪನಿಯ ಮೀಡಿಯಂಗೆ ಸಮ ಅಲ್ಲ. ಆಯಾ ಮಾದರಿಗೆ ಕಂಪನಿ ಕೊಡುವ ಅಳತೆಯ ಹಾಳೆಯನ್ನೇ ಹಿಡಿದು ನೋಡಿ. ಮಾದರಿ ಬದಲಾದರೆ ಯಂತ್ರದ ಸೆಟ್ಟಿಂಗ್‌ನಲ್ಲಿ ಮಾಸ್ಕ್ ಬಗೆಯನ್ನೂ ಬದಲಾಯಿಸಲು ಮರೆಯಬೇಡಿ.

ಪ್ರಶ್ನೆ: ಅಕ್ಕಾ, ನನ್ನ ಗಂಡನ ಮಾಸ್ಕ್ ಸೋರುವುದಿಲ್ಲ. ಆದರೆ ಮುಂದಿನ ಸಣ್ಣ ತೂತುಗಳಿಂದ ಗಾಳಿ ಬಂದು ನನ್ನ ಮುಖಕ್ಕೇ ಹೊಡೆಯುತ್ತದೆ, ಸದ್ದೂ ಇದೆ. ಆ ತೂತಿಗೆ ಟೇಪ್ ಹಚ್ಚಬಹುದಾ?

ಉತ್ತರ: ಖಂಡಿತ ಬೇಡಮ್ಮ. ನಿಮ್ಮವರು ಬಿಟ್ಟ ಉಸಿರು ಹೊರಗೆ ಹೋಗುವ ದಾರಿ ಅದು. ಮುಚ್ಚಿದರೆ ಅದೇ ಇಂಗಾಲದ ಡೈಆಕ್ಸೈಡನ್ನು ಅವರು ಮತ್ತೆ ಒಳಗೆಳೆದುಕೊಳ್ಳುತ್ತಾರೆ. ಟೇಪ್, ಬಟ್ಟೆ, ಹತ್ತಿ ಯಾವುದೂ ಬೇಡ. ಕಂಬಳಿ ಕೂಡ ಮೇಲೆ ಬೀಳದಂತೆ ನೋಡಿಕೊಳ್ಳಿ. 10ರ ಒತ್ತಡದಲ್ಲಿ ಈ ತೂತುಗಳಿಂದ ನಿಮಿಷಕ್ಕೆ ಸುಮಾರು 30ರಿಂದ 40 ಲೀಟರ್ ಗಾಳಿ ಹೊರಬೀಳುತ್ತದೆ. ಅದಕ್ಕೇ ಪೂರ್ತಿ ಸದ್ದಿಲ್ಲದ ಮಾಸ್ಕ್ ಎಂಬುದು ಇಲ್ಲ.

ಆದರೆ ಮಾದರಿಯಿಂದ ಮಾದರಿಗೆ ತುಂಬಾ ವ್ಯತ್ಯಾಸ ಇದೆ. ಕೆಲವೇ ದೊಡ್ಡ ತೂತುಗಳಿದ್ದರೆ ಗಾಳಿ ಪಿಚಕಾರಿಯ ಹಾಗೆ ಒಂದೇ ಕಡೆ ಹೊಡೆಯುತ್ತದೆ. ಹೊಸ ಮಾದರಿಗಳಲ್ಲಿ ಬಲು ಸಣ್ಣ ತೂತುಗಳನ್ನು ತುಂಬ ಹಾಕಿರುತ್ತಾರೆ, ಇಲ್ಲವೇ ಜಾಲರಿ ಇಟ್ಟಿರುತ್ತಾರೆ. ಅಂಥದ್ದರಲ್ಲಿ ಗಾಳಿ ಚದುರಿಹೋಗುತ್ತದೆ, ಸದ್ದೂ ಕಡಿಮೆ. ಡಿಫ್ಯೂಸರ್ ಇರುವ ಮಾಸ್ಕ್ ಬೇಕು ಎಂದು ಕೇಳಿ. ಮಾಸ್ಕ್ ಜೊತೆ ಬರುವ ಪುಸ್ತಿಕೆಯಲ್ಲಿ ಎಷ್ಟು ಡೆಸಿಬೆಲ್ ಎಂದು ಬರೆದಿರುತ್ತಾರೆ, ಹೋಲಿಸಿ ನೋಡಿ.

ಸದ್ಯಕ್ಕೆ, ಮಾಸ್ಕ್ ಮುಂದೆ ಟ್ಯೂಬ್ ಸೇರುವ ಮೊಣಕೈ ಭಾಗ ತಿರುಗುವಂಥದ್ದಾದರೆ ಅದನ್ನು ಆಚೆ ಕಡೆ ತಿರುಗಿಸಿ. ತೂತುಗಳಲ್ಲಿ ಕೊಳೆ ಕಟ್ಟಿಕೊಂಡರೂ ಸೀಟಿ ಸದ್ದು ಬರುತ್ತದೆ. ಮೆತ್ತನೆಯ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಹೊರಬರುವ ಉಸಿರಿನ ಸದ್ದು ಒಂದೇ ಸಮ ಇರುತ್ತದೆ. ತಲೆ ಅಲ್ಲಾಡಿಸಿದಾಗ ಸದ್ದು ಬದಲಾದರೆ ಎಲ್ಲೋ ಸೋರುತ್ತಿದೆ ಎಂದೇ ಅರ್ಥ.

ಪ್ರಶ್ನೆ: ನನಗೆ ದಪ್ಪ ಮೀಸೆ, ಗಡ್ಡ ಇದೆ. ಯಾವ ಮಾಸ್ಕ್ ಹಾಕಿದರೂ ಸೋರುತ್ತದೆ. ಬೋಳಿಸಲೇಬೇಕಾ?

ಉತ್ತರ: ಬೇಡ, ನೇಸಲ್ ಪಿಲ್ಲೋ ಹಾಕಿ ನೋಡಿ. ಮೂಗಿನ ಹೊಳ್ಳೆಯ ಬಾಯಿಗೆ ಮಾತ್ರ ಕೂರುವ ಎರಡು ಪುಟ್ಟ ಸಿಲಿಕಾನ್ ಬುಗುರಿಗಳು ಅವು. ಗಡ್ಡ ಅಡ್ಡ ಬರುವುದಿಲ್ಲ. ಮೀಸೆಯ ಮೇಲಂಚು ಹೊಳ್ಳೆಗೆ ತಾಗುತ್ತಿದ್ದರೆ ಅಷ್ಟನ್ನು ಕತ್ತರಿಸಿಕೊಂಡರೆ ಸಾಕು. ಕನ್ನಡಕ ಹಾಕಿ ಓದುತ್ತಾ ಮಲಗುವವರಿಗೂ, ಪಕ್ಕಕ್ಕೆ ಮಲಗುವವರಿಗೂ ಇದು ಹಿಡಿಸುತ್ತದೆ. ಮೊದಮೊದಲು ಹೊಳ್ಳೆ ನೋಯಬಹುದು. ನೋವು ಹೋಗದಿದ್ದರೆ ಸೈಜ್ ತಪ್ಪಿದೆ ಎಂದು ತಿಳಿಯಿರಿ. ಒತ್ತಡ ಜಾಸ್ತಿ ಇರುವ ಕೆಲವರಿಗೆ ಗಾಳಿ ಮೂಗಿಗೆ ನೇರ ನುಗ್ಗಿದಂತಾಗಿ ಹಿಂಸೆ ಅನ್ನಿಸುತ್ತದೆ.

ಪ್ರಶ್ನೆ: ಮೂಗಿನ ಮಾಸ್ಕ್‌ಗೆ ಬದಲಾದೆ ಮೇಡಂ. ಆದರೆ ಬೆಳಿಗ್ಗೆ ಬಾಯಿ ಒಣಗಿ ಕಟ್ಟಿಗೆಯಾಗಿರುತ್ತದೆ. ರಾತ್ರಿ ತುಟಿಯಿಂದ ಪುಸ್ ಪುಸ್ ಎಂದು ಗಾಳಿ ಹೋಗುತ್ತದಂತೆ. ಬಾಯಿಗೆ ಟೇಪ್ ಹಚ್ಚಿಕೊಳ್ಳಿ ಎಂದು ಒಬ್ಬರು ಹೇಳಿದರು.

ಉತ್ತರ: ಮೂಗಿಗೆ ಬಂದ ಗಾಳಿ ಬಾಯಿಂದ ಆಚೆ ಹೋಗುತ್ತಿದೆ. ಸದ್ದಿನ ತೊಂದರೆ ಒಂದು ಕಡೆ ಇರಲಿ, ನಿಮಗೆ ಬೇಕಾದ ಒತ್ತಡ ಗಂಟಲಿಗೆ ಸಿಗುವುದಿಲ್ಲ. ಟೇಪ್ ಮಾತ್ರ ನಿಮ್ಮಷ್ಟಕ್ಕೆ ನೀವೇ ಹಚ್ಚಿಕೊಳ್ಳಬೇಡಿ. ಮೂಗು ಕಟ್ಟಿದರೆ ಅಥವಾ ವಾಂತಿ ಬಂದರೆ ಅಪಾಯ.

ಮೊದಲು ಮೂಗು ಕಟ್ಟುತ್ತಿದೆಯಾ ನೋಡಿ. ಅಲರ್ಜಿ, ಮೂಗಿನ ನಡುಗೋಡೆ ಸೊಟ್ಟ ಇರುವುದು ಇಂಥ ಕಾರಣ ಇದ್ದರೆ ಇಎನ್‌ಟಿ ಡಾಕ್ಟರು ಅದಕ್ಕೆ ಚಿಕಿತ್ಸೆ ಕೊಡುತ್ತಾರೆ. ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ಇದ್ದರೆ ಹಾಕಿಕೊಳ್ಳಿ. ಒಣ ಗಾಳಿಗೆ ಮೂಗಿನ ಒಳಪೊರೆ ಊದಿಕೊಂಡು ಮೂಗು ಕಟ್ಟುತ್ತದೆ, ಆಗ ಬಾಯಿ ತಾನಾಗಿ ತೆರೆಯುತ್ತದೆ. ಗಲ್ಲದ ಪಟ್ಟಿ ಕೆಲವರಿಗೆ ಉಪಯೋಗ, ಎಲ್ಲರಿಗೂ ಅಲ್ಲ. ಏನು ಮಾಡಿದರೂ ಆಗದಿದ್ದರೆ ಬಾಯಿಯನ್ನೂ ಮುಚ್ಚುವ ಮಾಸ್ಕೇ ಸರಿ. ಕೈ ಅಲುಗಿಸಲಾಗದವರು, ಮಾಸ್ಕ್ ತಾವೇ ತೆಗೆಯಲಾಗದವರು ಮಾತ್ರ ಫುಲ್ ಫೇಸ್ ಬಗ್ಗೆ ಡಾಕ್ಟರ ಹತ್ತಿರ ಮೊದಲೇ ಮಾತಾಡಬೇಕು.

ಪ್ರಶ್ನೆ: ನಮ್ಮ ಅಪ್ಪನಿಗೆ ಮಾಸ್ಕ್ ಹಾಕಿದ ಕೂಡಲೇ ಉಸಿರು ಕಟ್ಟಿದಂತಾಗಿ ಕಿತ್ತು ಎಸೆಯುತ್ತಾರೆ. "ನನಗೆ ಇದು ಬೇಡವೇ ಬೇಡ" ಎಂದು ಕೂತಿದ್ದಾರೆ. ಅವರಿಗೆ ಬಿಪಿ ಕೂಡ ಇದೆ, ಭಯ ಆಗುತ್ತದೆ.

ಉತ್ತರ: ಅವರನ್ನು ಬೈಯಬೇಡಿ, ಹಟ ಅನ್ನಬೇಡಿ. ಮುಖ ಮುಚ್ಚಿದಾಗ ಹೆದರಿಕೆಯಾಗುವುದು ಸಹಜ. ಈ ಹೆದರಿಕೆ ಅಭ್ಯಾಸದಿಂದ ಕಡಿಮೆಯಾಗುತ್ತದೆ. ಆದರೆ ಅಭ್ಯಾಸ ಹಾಸಿಗೆಯಲ್ಲಿ, ರಾತ್ರಿ ಹೊತ್ತು ಬೇಡ.

ಹಗಲು ಹೊತ್ತು ಟಿವಿ ನೋಡುತ್ತಾ ಕೂತಿರುವಾಗ ಬರೀ ಮಾಸ್ಕನ್ನು ಕೈಗೆ ಕೊಡಿ. ಪಟ್ಟಿ ಇಲ್ಲದೆ ಅವರೇ ಮೂಗಿಗೆ ಹಿಡಿದುಕೊಳ್ಳಲಿ, ಬೇಡ ಅನ್ನಿಸಿದಾಗ ತೆಗೆಯಲಿ. ತೆಗೆಯುವುದು ತನ್ನ ಕೈಯಲ್ಲೇ ಇದೆ ಎಂದು ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ಅದು ರೂಢಿಯಾದ ಮೇಲೆ ಯಂತ್ರಕ್ಕೆ ಜೋಡಿಸಿ, ಗಾಳಿ ಬರುವಾಗ ಹಿಡಿದುಕೊಳ್ಳಲಿ. ಟ್ಯೂಬ್‌ಗೆ ಸೇರಿಸದೆ ಮಾಸ್ಕನ್ನು ಮುಖಕ್ಕೆ ಕಟ್ಟಿ ತುಂಬಾ ಹೊತ್ತು ಬಿಡಬೇಡಿ. ಆಮೇಲೆ ಪಟ್ಟಿ ಹಾಕಿ ಕೂತು, ನಂತರ ಮಧ್ಯಾಹ್ನದ ಒಂದು ಸಣ್ಣ ನಿದ್ದೆ, ಕೊನೆಗೆ ರಾತ್ರಿ. ಒಂದು ಹಂತ ಸಲೀಸಾಗುವ ತನಕ ಮುಂದಿನದಕ್ಕೆ ಹೋಗಬೇಡಿ. ಎಷ್ಟು ದಿನ ಹಿಡಿದರೂ ಹಿಡಿಯಲಿ.

ರ‍್ಯಾಂಪ್ ಇಟ್ಟುಕೊಳ್ಳಿ, 4 ಅಥವಾ 5ರ ಒತ್ತಡದಿಂದ ಶುರುವಾಗಲಿ. ಆದರೆ ತೀರಾ ಕಡಿಮೆಯಾದರೆ ಗಾಳಿಯೇ ಸಾಲದು ಎಂದು ಕೆಲವರಿಗೆ ಅನ್ನಿಸುತ್ತದೆ, ಆಗ ಸ್ವಲ್ಪ ಏರಿಸಿಕೊಡಲು ಡಾಕ್ಟರನ್ನು ಕೇಳಿ. ಉಸಿರು ಬಿಡುವಾಗ ಒತ್ತಡ ಇಳಿಸುವ ಸೌಲಭ್ಯ ಎಷ್ಟೋ ಯಂತ್ರಗಳಲ್ಲಿದೆ, ಅದನ್ನೂ ಕೇಳಿ. ಇಂಥವರಿಗೆ ಮುಖ ತೆರೆದಿರುವ ನೇಸಲ್ ಪಿಲ್ಲೋ ತುಂಬಾ ಸಹಾಯ.

ಅಪ್ಪನಿಗೆ ಇದನ್ನೂ ಹೇಳಿ. 1981ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ಕಾಲಿನ್ ಸಲ್ಲಿವನ್ ಈ ಚಿಕಿತ್ಸೆಯ ಬಗ್ಗೆ ಮೊದಲು ಬರೆದರು. ಆ ಕಾಲದಲ್ಲಿ ಪ್ರತಿ ರಾತ್ರಿ ಸಿಲಿಕಾನ್ ಅಂಟಿನಿಂದ ಮಾಸ್ಕನ್ನು ಮೂಗಿಗೆ ಅಂಟಿಸಬೇಕಿತ್ತು. ಗಾಳಿ ಊದುವ ಮೋಟಾರಿನ ಸದ್ದೂ ಜೋರಾಗಿತ್ತು. ಅಂಥದ್ದನ್ನೂ ಜನ ಮನೆಗೆ ಒಯ್ದು ರಾತ್ರಿ ರಾತ್ರಿ ಹಾಕಿಕೊಂಡರು, ಯಾಕೆಂದರೆ ಬೆಳಿಗ್ಗೆ ಎದ್ದಾಗ ಮೈ ಮನಸ್ಸು ಹಗುರಾಗಿರುತ್ತಿತ್ತು. ಅವರಿಗೂ ಒಂದು ಒಳ್ಳೆಯ ರಾತ್ರಿ ಸಿಕ್ಕಲಿ, ಆಮೇಲೆ ಒತ್ತಾಯ ಬೇಕಾಗುವುದಿಲ್ಲ. ಭಯ ತೀರಾ ಜಾಸ್ತಿ ಇದ್ದರೆ ಮನಃಶಾಸ್ತ್ರಜ್ಞರ ಸಹಾಯ ಪಡೆಯಿರಿ, ಅದರಲ್ಲಿ ಸಂಕೋಚ ಬೇಡ.

ಪ್ರಶ್ನೆ: ನಮ್ಮದರಲ್ಲಿ ಟ್ಯೂಬ್ ಒಳಗೆ ಗುಳು ಗುಳು ಸದ್ದು. ಒಮ್ಮೊಮ್ಮೆ ಮುಖಕ್ಕೆ ನೀರು ಹನಿಯುತ್ತದೆ.

ಉತ್ತರ: ಹ್ಯುಮಿಡಿಫೈಯರ್‌ನ ಬಿಸಿ ತೇವದ ಗಾಳಿ ತಣ್ಣನೆಯ ಟ್ಯೂಬ್‌ನಲ್ಲಿ ನೀರಾಗುತ್ತಿದೆ. ತೇವದ ಮಟ್ಟ ಒಂದು ಅಂಕಿ ಇಳಿಸಿ. ಟ್ಯೂಬ್‌ಗೆ ಬಟ್ಟೆಯ ಗವಸು ಹಾಕಿ, ಇಲ್ಲವೇ ಬಿಸಿಯಾಗುವ ಟ್ಯೂಬ್ ತರಿಸಿ. ಯಂತ್ರವನ್ನು ತಲೆಯ ಮಟ್ಟಕ್ಕಿಂತ ಕೆಳಗಿಡಿ, ನೀರು ವಾಪಸ್ ಇಳಿಯುತ್ತದೆ, ಸದ್ದೂ ಕಿವಿಯಿಂದ ದೂರವಾಗುತ್ತದೆ. ಈಗಿನ ಯಂತ್ರಗಳ ಸದ್ದು ಸಾಮಾನ್ಯವಾಗಿ 25ರಿಂದ 30 ಡೆಸಿಬೆಲ್, ಪಿಸುಮಾತಿನಷ್ಟೇ. ಅದಕ್ಕಿಂತ ಜೋರಾಗಿದ್ದರೆ ಮೊದಲು ಫಿಲ್ಟರ್ ತೆಗೆದು ನೋಡಿ, ಧೂಳು ತುಂಬಿರುತ್ತದೆ.

ಪ್ರಶ್ನೆ: ನನ್ನ ಹೊಸ ಮಾಸ್ಕ್‌ನಲ್ಲಿ ಕೊಕ್ಕೆ ಬದಲು ಅಯಸ್ಕಾಂತ ಇದೆ, ಹಾಕಲು ಸುಲಭ. ಪಕ್ಕದಲ್ಲಿ ಮಲಗುವ ಅಮ್ಮನಿಗೆ ಪೇಸ್‌ಮೇಕರ್ ಇದೆ. ತೊಂದರೆ ಇಲ್ಲ ತಾನೇ?

ಉತ್ತರ: ತೊಂದರೆ ಇದೆ, ಕೇಳಿದ್ದು ಒಳ್ಳೆಯದಾಯಿತು. ಪೇಸ್‌ಮೇಕರ್, ಎದೆಯೊಳಗೆ ಕೂರಿಸಿದ ಡಿಫಿಬ್ರಿಲೇಟರ್, ಮೆದುಳಿನಲ್ಲಿ ಲೋಹದ ಕ್ಲಿಪ್ ಇಂಥವು ನಿಮಗಾಗಲಿ, ಪಕ್ಕದಲ್ಲಿ ಮಲಗುವವರಿಗಾಗಲಿ ಇದ್ದರೆ ಅಯಸ್ಕಾಂತದ ಮಾಸ್ಕ್ ಬೇಡ. ಅಯಸ್ಕಾಂತ ಆ ಸಾಧನದಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇರಬೇಕು ಎಂದು ಕಂಪನಿಗಳೇ ಎಚ್ಚರಿಕೆ ಕೊಟ್ಟಿವೆ. ನಿದ್ದೆಯಲ್ಲಿ ಆ ದೂರ ಕಾಯಲು ಆಗುವುದಿಲ್ಲ ಅಲ್ವಾ? ಪ್ಲಾಸ್ಟಿಕ್ ಕೊಕ್ಕೆಯದ್ದಕ್ಕೆ ಬದಲಾಯಿಸಿಕೊಳ್ಳಿ. ಇವತ್ತೇ ಅಮ್ಮನನ್ನು ಬೇರೆ ಮಂಚದಲ್ಲಿ ಮಲಗಿಸಿ.

ಪ್ರಶ್ನೆ: ಸೋರಿಕೆ ಎಷ್ಟಿದ್ದರೆ ಜಾಸ್ತಿ? ಕುಶನ್ ಯಾವಾಗ ಬದಲಿಸಬೇಕು?

ಉತ್ತರ: ರೆಸ್‌ಮೆಡ್ ಕಂಪನಿಯ ಯಂತ್ರ ಬೇಡದ ಸೋರಿಕೆಯನ್ನು ಮಾತ್ರ ತೋರಿಸುತ್ತದೆ, ನಿಮಿಷಕ್ಕೆ 24 ಲೀಟರ್ ದಾಟಿದರೆ ಜಾಸ್ತಿ. ಫಿಲಿಪ್ಸ್ ಯಂತ್ರದ ಅಂಕಿಯಲ್ಲಿ ತೂತಿನಿಂದ ಹೋಗುವ ಗಾಳಿಯೂ ಸೇರಿರುವುದರಿಂದ ಎರಡನ್ನೂ ಹೋಲಿಸಬೇಡಿ. ಕುಶನ್ ಅನ್ನು ದಿನಾ ಉಗುರುಬೆಚ್ಚಗಿನ ನೀರು, ಸಾದಾ ಸೋಪಿನಲ್ಲಿ ತೊಳೆಯಿರಿ. ಓಜೋನ್ ಅನಿಲದಿಂದ ಸ್ವಚ್ಛ ಮಾಡುವ ಯಂತ್ರ ಬೇಡ. ಸಿಲಿಕಾನ್ ಗಟ್ಟಿಯಾದರೆ, ಹಳದಿ ಬಂದರೆ, ಅಂಚು ಹರಿದರೆ ಬದಲಿಸಿ. ಹಿಂದೆ ಸುಮ್ನೆ ಕೂರುತ್ತಿದ್ದ ಮಾಸ್ಕ್‌ಗೆ ಈಗ ಪಟ್ಟಿ ಜಗ್ಗಬೇಕಾಗುತ್ತಿದೆ ಎಂದರೂ ಕುಶನ್ ಸವೆದಿದೆ ಎಂದೇ ಲೆಕ್ಕ. ಮಾಸ್ಕ್ ಸರಿ ಕೂತಿದ್ದೂ ಗೊರಕೆ ಕೇಳಿಸುತ್ತಿದ್ದರೆ ಯಂತ್ರದ ವರದಿ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ. ಒತ್ತಡವನ್ನು ನೀವೇ ಏರಿಸಬೇಡಿ.